ಎಕ್ಕದಿಂದ ಎಕ್ಕಡದವರೆಗೆ

ಬ್ಯಾಂಕಿನ ಕ್ಯಾಶ್ ಕೌಂಟರಿನ ಹಿಂದೆ 34 ವರ್ಷ ಕೂತು ಊರವರ ದುಡ್ಡು ಎಣಿಸಿದವನು ನಾನು. ಅಷ್ಟು ವರ್ಷವೂ ನನಗೆ ಕಾಲುಗಳಿವೆ ಎಂಬುದು ನೆನಪಿಗೆ ಬರುತ್ತಿದ್ದದ್ದು ಮಧ್ಯಾಹ್ನ ಊಟಕ್ಕೆ ಏಳುವಾಗ, ಮತ್ತೆ ಸಂಜೆ ಸಿಟಿ ಬಸ್ಸಿನ ಹಿಂದೆ ಓಡುವಾಗ. ನಿವೃತ್ತಿಯ ದಿನ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಮಾತಾಡಿದವರೆಲ್ಲ ಕೊನೆಗೆ ಹೇಳಿದ್ದು ಒಂದೇ: ‘ಇನ್ನು ಮೇಲೆ ಚೆನ್ನಾಗಿ ವಾಕಿಂಗ್ ಮಾಡಿ ಸಾರ್.’ ಹೇಳಿದ ಮಾತು ಕೇಳುವ ಸ್ವಭಾವ ನನ್ನದು. ಕ್ಯಾಶಿಯರ್ ಆದವನಿಗೆ ಬೇರೆ ಸ್ವಭಾವ ಇದ್ದರೆ ಕಷ್ಟ. ಮಾರನೆಯ ಬೆಳಿಗ್ಗೆ ಐದೂವರೆಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲಿದ್ದೆ. ಕಾಲಲ್ಲಿ ಹಾಲು ತರಲು ಹಾಕಿಕೊಂಡು ಹೋಗುವ ಹಳೇ ಹವಾಯಿ ಚಪ್ಪಲಿ.

ಕೆರೆಯ ಒಂದು ಸುತ್ತು ನಾಲ್ಕು ಕಿಲೋಮೀಟರಿಗೆ ಕಡಿಮೆಯಿಲ್ಲ. ಹುರುಪು ಬಂದ ದಿನ ಎರಡು ಸುತ್ತು. ಕುವೆಂಪು ಓಡಾಡಿದ ಏರಿ ಅದು. ಅವರಿಗೆ ಅಲ್ಲಿ ಕಾವ್ಯ ಹುಟ್ಟಿತು. ನನಗೆ ಮೂರೇ ವಾರಕ್ಕೆ ಹಿಮ್ಮಡಿ ನೋವು ಹುಟ್ಟಿತು.

ಈ ನೋವಿನ ಸ್ವಭಾವ ವಿಚಿತ್ರ. ರಾತ್ರಿಯೆಲ್ಲ ಸುಮ್ಮನಿರುತ್ತದೆ. ಬೆಳಿಗ್ಗೆ ಮಂಚದಿಂದ ಕಾಲು ಕೆಳಗಿಟ್ಟು ಮೊದಲ ಹೆಜ್ಜೆ ಊರಿದ ಕೂಡಲೆ ಹಿಮ್ಮಡಿಯೊಳಗೆ ಯಾರೋ ದಬ್ಬಣ ತೂರಿಸಿದ ಹಾಗೆ. ಇಪ್ಪತ್ತು ಮೂವತ್ತು ಹೆಜ್ಜೆ ಕುಂಟಿದರೆ ತಾನಾಗಿ ಕಡಿಮೆ. ಅರ್ಧ ಗಂಟೆ ಕೂತು ಪೇಪರ್ ಓದಿ ಎದ್ದರೆ ಮತ್ತೆ ಹಾಜರ್. ಏಳುವಾಗ ನೆಲಕ್ಕೆ ಕಾಲಿಡುವ ಮುಂಚೆ, ಪಾದ ಸೋಕಿಸುತ್ತಿದ್ದೇನೆ, ಕ್ಷಮಿಸು ತಾಯಿ ಎಂದು ಭೂದೇವಿಯನ್ನು ಕೇಳಿಕೊಳ್ಳುವ ಶ್ಲೋಕವೊಂದನ್ನು ನಮ್ಮಮ್ಮ ಚಿಕ್ಕಂದಿನಲ್ಲಿ ಕಲಿಸಿದ್ದಳು. ಬ್ಯಾಂಕಿಗೆ ಸೇರಿದ ಮೇಲೆ ಬಿಟ್ಟುಹೋಗಿತ್ತು. 34 ವರ್ಷದ ಬಾಕಿಯನ್ನು ಭೂದೇವಿ ಬಡ್ಡಿ ಸಮೇತ ವಸೂಲಿಗೆ ಹಾಕಿದ್ದಾಳೆ ಅನ್ನಿಸಿತು.

ಕಾಲು ನೋವು ಅಂದರೆ ಸಾಕು, ನಮ್ಮ ಬೀದಿಯಲ್ಲಿ ವೈದ್ಯರಲ್ಲದವರು ಯಾರೂ ಉಳಿಯುವುದಿಲ್ಲ. ಒಬ್ಬರು ಉಪ್ಪನ್ನು ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಡಿ ಅಂದರು. ಇನ್ನೊಬ್ಬರು ಮುಳ್ಳುಮುಳ್ಳಿನ ಅಕ್ಯುಪ್ರೆಶರ್ ಚಪ್ಪಲಿ ತಂದುಕೊಟ್ಟರು. ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದೆ, ಹಲಸಿನ ಹಣ್ಣಿನ ಮೇಲೆ ನಡೆದ ಹಾಗಾಯಿತು. ಪಕ್ಕದ ಮನೆ ರಾಯರದು ಎಕ್ಕದ ಎಲೆಯ ಪಂಥ. ಇಟ್ಟಿಗೆಯನ್ನು ಒಲೆಯ ಮೇಲೆ ಕಾಯಿಸಬೇಕು, ಅದರ ಮೇಲೆ ಎಕ್ಕದ ಎಲೆ ಇಡಬೇಕು, ಅದರ ಮೇಲೆ ಹಿಮ್ಮಡಿ ಊರಬೇಕು. ನಮ್ಮ ಮನೆಯಲ್ಲಿ ಇಂಡಕ್ಷನ್ ಒಲೆ. ಅದು ಇಟ್ಟಿಗೆಯನ್ನು ಪಾತ್ರೆಯೆಂದು ಒಪ್ಪಲೇ ಇಲ್ಲ, ಕೀ ಕೀ ಎಂದು ಕೂಗಿ ಆರಿತು. ಕಡೆಗೆ ಗ್ಯಾಸಿನ ಮೇಲೆ ಕಾಯಿಸಿದೆವು. ಹದಿನೈದು ದಿನ ದಿನವೂ ಎಕ್ಕದ ಎಲೆ. ಹಿತವಾಗುತ್ತಿತ್ತು, ಸುಳ್ಳು ಹೇಳಬಾರದು. ಬಿಸಿಗೆ ಹಿತವಾಗದ ನೋವು ಯಾವುದಿದೆ? ಇಟ್ಟಿಗೆ ಆರುವ ಹೊತ್ತಿಗೆ ನೋವು ತಿರುಗಿ ಬರುತ್ತಿತ್ತು. ರಾಯರು ಬೇಸರಪಟ್ಟುಕೊಂಡು, ‘ಬಿಳಿ ಎಕ್ಕ ಆಗಬೇಕಾಗಿತ್ತು’ ಅಂದರು.

ಅಷ್ಟರಲ್ಲಿ ಕುಂಟಿ ಕುಂಟಿ ಮಂಡಿ ಹಿಡಿದುಕೊಂಡಿತು, ಮಂಡಿಯಿಂದ ಸೊಂಟಕ್ಕೆ ಹತ್ತಿತು. ಹಿಮ್ಮಡಿ ನೋವಿಗೆ ಡಾಕ್ಟರ ಹತ್ತಿರ ಹೋಗುವುದು ನಾಚಿಕೆ. ಸೊಂಟ ನೋವಿಗೆ ಹೋಗಬಹುದು, ಅದಕ್ಕೊಂದು ಗೌರವವಿದೆ. ಎಲುಬಿನ ಡಾಕ್ಟರ ಎದುರು ಕೂತು ಸೊಂಟದ ಕಥೆ ಹೇಳಿದೆ. ಅವರು ಸೊಂಟವನ್ನು ಮುಟ್ಟಿಯೂ ನೋಡದೆ, ‘ಪ್ಯಾಂಟು ಮಡಿಸಿ, ಬಾಗಿಲ ತನಕ ಹೋಗಿ ಬನ್ನಿ’ ಅಂದರು. ಹೋಗಿ ಬಂದೆ. ‘ಹೊರಗೆ ಬಿಟ್ಟಿದ್ದೀರಲ್ಲ, ಆ ಚಪ್ಪಲಿ ತನ್ನಿ.’ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಗಾದೆ ಕೇಳಿದ್ದೆ. ಎತ್ತಿನ ಜ್ವರಕ್ಕೆ ಅದರ ಲಾಳ ಬಿಚ್ಚಿ ನೋಡುವ ವೈದ್ಯರನ್ನು ನೋಡಿರಲಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಡಾಕ್ಟರ ಕೋಣೆಗೆ ಹೋಗುವುದೆಂದರೆ! ಹೊರಗೆ ಕಾಯುತ್ತಿದ್ದವರು ನಾನು ಅವರಿಗೆ ಹೊಡೆಯಲು ಹೊರಟೆನೆಂದೇ ತಿಳಿದರು.

ಚಪ್ಪಲಿಯ ತಳವನ್ನು ಅವರು ಜಾತಕ ನೋಡಿದ ಹಾಗೆ ನೋಡಿದರು. ಎಡಗಡೆಯದು ಒಳಬದಿಗೆ ಸವೆದಿತ್ತು, ಬಲಗಡೆಯದು ಹೊರಬದಿಗೆ. ‘ಎಡಗಾಲಿಗೆ ಹಿಂದೆ ಏನಾದರೂ ಪೆಟ್ಟು ಬಿದ್ದಿತ್ತಾ?’ ಮೂವತ್ತು ವರ್ಷದ ಹಿಂದೆ ಮೊಪೆಡ್ಡಿನಿಂದ ಬಿದ್ದು ಪಾದದ ಕೀಲು ತಿರುಚಿದ್ದು, ಪಟ್ಟು ಹಾಕಿಸಿಕೊಂಡು ನಾಲ್ಕೇ ದಿನಕ್ಕೆ ಕೌಂಟರಿನಲ್ಲಿ ಕೂತದ್ದು ನೆನಪಾಯಿತು. ನನ್ನ ಜಾತಕ ನೋಡಿದ ಜೋಯಿಸರು ಯಾರೂ ಈ ಮೊಪೆಡ್ ಹೇಳಿರಲಿಲ್ಲ.

ಎಕ್ಸ್‌ರೇಯಲ್ಲಿ ಹಿಮ್ಮಡಿ ಮೂಳೆಯ ಕೆಳಗೆ ಗುಲಾಬಿ ಮುಳ್ಳಿನಂಥದೊಂದು ಮೊನೆ ಕಾಣಿಸಿತು. ಸಿಕ್ಕಿಬಿದ್ದ ಕಳ್ಳ ಅಂದುಕೊಂಡೆ. ಡಾಕ್ಟರು ನಕ್ಕರು. ಈ ಮೊನೆ ಇದ್ದೂ ನೋವೇ ಇಲ್ಲದೆ ಓಡಾಡುವವರು ಬೇಕಾದಷ್ಟು ಮಂದಿ ಇದ್ದಾರಂತೆ. ನೋಯುತ್ತಿರುವುದು ಹಿಮ್ಮಡಿಯಿಂದ ಬೆರಳುಗಳವರೆಗೆ ಅಂಗಾಲಿನುದ್ದಕ್ಕೂ ಹಾಸಿರುವ ಗಟ್ಟಿಯಾದ ಪಟ್ಟಿ. ಅದರ ಹೆಸರು ಪ್ಲಾಂಟರ್ ಫೇಶಿಯಾ. ಹಿಮ್ಮಡಿ ಎತ್ತಿ ಬೆರಳ ಮೇಲೆ ಭಾರ ಬಿಟ್ಟಾಗ, ರಾಟೆಗೆ ಹಗ್ಗ ಸುತ್ತಿಕೊಂಡು ಬಿಗಿಯುವ ಹಾಗೆ ಈ ಪಟ್ಟಿ ಬಿಗಿದು ಪಾದದ ಕಮಾನನ್ನು ಮೇಲೆತ್ತುತ್ತದೆ. ಹಿಕ್ಸ್ ಎಂಬ ಇಂಗ್ಲಿಷ್ ವೈದ್ಯ ಇದನ್ನು 1954ರಲ್ಲೇ ವಿವರಿಸಿಟ್ಟಿದ್ದಾನೆ. 34 ವರ್ಷ ಆರಾಮಾಗಿದ್ದ ಹಗ್ಗವನ್ನು ನಾನು ಇದ್ದಕ್ಕಿದ್ದಂತೆ ದಿನಕ್ಕೆ ಸಾವಿರಾರು ಸಲ ಎಳೆದದ್ದರಿಂದ ಅದು ಮುನಿದುಕೊಂಡಿತ್ತು. ಎಡಗಾಲಿನ ಕಮಾನು ಕುಸಿದಿದ್ದರಿಂದ ಪಾದ ಒಳಕ್ಕೆ ಮಗುಚುತ್ತದೆ, ಅದರ ಮೇಲಿನ ಮೊಳಕಾಲು ತಾನೂ ಒಳಕ್ಕೆ ತಿರುಗುತ್ತದೆ. ಸೊಂಟ ಈ ಮನೆಯ ಹಿರಿಯನಂತೆ. ಕೆಳಗಿನವರು ಮಾಡಿದ್ದಕ್ಕೆಲ್ಲ ಮೇಲೆ ಕೂತು ನರಳುತ್ತದೆ.

ಮನೆಗೆ ಬಂದು ಬಚ್ಚಲಿನಲ್ಲಿ ಕಾಲು ತೋಯಿಸಿಕೊಂಡು ಒಣನೆಲದ ಮೇಲೆ ಹೆಜ್ಜೆ ಒತ್ತಿ ನೋಡಿದೆ. ಬಲಗಾಲಿನದು ಮುಂದೊಂದು ತುಂಡು, ಹಿಂದೊಂದು ತುಂಡು, ನಡುವೆ ನೂಲಿನೆಳೆಯಷ್ಟು ಸೇತುವೆ. ಎಡಗಾಲಿನದು ಇಡೀ ಚಪಾತಿ. ಗೋಕುಲಾಷ್ಟಮಿಗೆ ಹೊಸಿಲಿನಿಂದ ದೇವರ ಕೋಣೆಯವರೆಗೆ ಹಿಟ್ಟಿನಲ್ಲಿ ಕೃಷ್ಣನ ಹೆಜ್ಜೆ ಮೂಡಿಸುತ್ತೇವಲ್ಲ, ಅದನ್ನು ಒತ್ತುವುದು ಮುಷ್ಟಿಯ ಅಂಚಿನಿಂದ. ಹಾಗಾಗಿ ನಮ್ಮ ಕೃಷ್ಣನಿಗೆ ಯಾವ ಮನೆಯಲ್ಲೂ ಚಪ್ಪಟೆ ಪಾದ ಬರುವುದಿಲ್ಲ. ಅಲ್ಲೇ ಕೂತು ಯೋಚಿಸಿದೆ. ನಾವು ಗುರುಗಳ ಪಾದಕ್ಕೆ ಬೀಳುತ್ತೇವೆ, ಅಳಿಯನ ಕಾಲು ತೊಳೆಯುತ್ತೇವೆ, ಪಾದುಕೆಯನ್ನು ಸಿಂಹಾಸನದ ಮೇಲಿಟ್ಟು 14 ವರ್ಷ ರಾಜ್ಯ ನಡೆಸಿದ ಭರತನನ್ನು ಕೊಂಡಾಡುತ್ತೇವೆ. ಸೊಸೆಯ ಕಾಲ್ಗುಣದ ಬಗ್ಗೆ ನಮ್ಮಲ್ಲಿ ನಡೆದಷ್ಟು ಚರ್ಚೆ ಬೇರೆಲ್ಲೂ ನಡೆದಿರಲಾರದು. ಅರವತ್ತು ದಾಟಿದ ನಾನು ಮಾತ್ರ ನನ್ನ ಪಾದವನ್ನು ಸರಿಯಾಗಿ ನೋಡಿದ್ದು ಅವತ್ತೇ ಮೊದಲು. ‘ಎಷ್ಟು ಹೊತ್ತು ಬಚ್ಚಲಲ್ಲಿ?’ ಎಂದು ಹೆಂಡತಿ ಕೂಗಿದಳು. ‘ಪಾದಪೂಜೆ’ ಅಂದೆ.

ಡಾಕ್ಟರು ಬರೆದುಕೊಟ್ಟ ಚೀಟಿಯಲ್ಲಿ ಮೀನಖಂಡ ಎಳೆಯುವ ವ್ಯಾಯಾಮ, ಹಾಸಿಗೆಯಲ್ಲೇ ಕೂತು ಕಾಲ್ಬೆರಳುಗಳನ್ನು ಕೈಯಿಂದ ಹಿಂದಕ್ಕೆ ಎಳೆದು ಹತ್ತು ಎಣಿಸುವುದು, ಇವೆಲ್ಲದರ ಕೆಳಗೆ ‘ಕಸ್ಟಮ್ ಆರ್ಥೋಟಿಕ್ಸ್’ ಎಂದಿತ್ತು. ‘ಅರ್ಥಶಾಸ್ತ್ರದ ಸಂಬಂಧವಾ?’ ಎಂದು ಹೆಂಡತಿ ಕೇಳಿದಳು. ಆಮೇಲೆ ಬಿಲ್ಲು ನೋಡಿದಾಗ ಅವಳ ಊಹೆ ತಪ್ಪಲ್ಲ ಅನ್ನಿಸಿತು. ಆರ್ಥೋಸ್ ಅಂದರೆ ಗ್ರೀಕಿನಲ್ಲಿ ನೆಟ್ಟಗೆ ಎಂದರ್ಥ. 1741ರಲ್ಲಿ ಫ್ರಾನ್ಸಿನ ನಿಕೋಲಾ ಆಂದ್ರಿ ಎಂಬ ವೈದ್ಯ ಮಕ್ಕಳ ಅಂಗಾಂಗ ನೆಟ್ಟಗೆ ಮಾಡುವ ವಿದ್ಯೆಯ ಬಗ್ಗೆ ಪುಸ್ತಕ ಬರೆದು ಅದಕ್ಕೆ ಆರ್ಥೋಪೆಡಿ ಎಂದು ಹೆಸರಿಟ್ಟ. ಅದರಲ್ಲೊಂದು ಚಿತ್ರ: ಡೊಂಕು ಬೆಳೆದ ಎಳೆಯ ಮರ, ಪಕ್ಕದಲ್ಲಿ ನೆಟ್ಟ ಗೂಟ, ಎರಡನ್ನೂ ಸೇರಿಸಿ ಸುತ್ತಿದ ಹಗ್ಗ. ಇವತ್ತಿಗೂ ಎಲುಬಿನ ವೈದ್ಯರ ಹಲವು ಸಂಘಗಳಿಗೆ ಅದೇ ಲಾಂಛನ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುವ ನಮ್ಮ ಗಾದೆಯನ್ನು ಆ ಫ್ರೆಂಚರವನು ಚಿತ್ರದಲ್ಲಿ ಬರೆದಿಟ್ಟಂತಿದೆ. ಆದರೆ ನನ್ನಂಥ ಮುದಿ ಮರಕ್ಕೆ ಯಾವ ಗೂಟ, ಯಾವ ಹಗ್ಗ?

ಚೀಟಿ ಹಿಡಿದುಕೊಂಡು ಹೋದದ್ದು ಕೃತಕ ಕಾಲು ಜೋಡಿಸುವ ಒಂದು ಸಣ್ಣ ಕೇಂದ್ರಕ್ಕೆ. ಬಾಗಿಲು ದಾಟಿದವನು ಅಲ್ಲೇ ನಿಂತೆ. ಗೋಡೆಯುದ್ದಕ್ಕೂ ಕಾಲುಗಳು ತೂಗಾಡುತ್ತಿದ್ದವು, ಬಾಳೆಗೊನೆಯ ಮಂಡಿಯಲ್ಲಿ ಗೊನೆ ತೂಗಿದ ಹಾಗೆ. ಮಂಡಿಯ ಕೆಳಗಿನವು, ಮಂಡಿಯ ಮೇಲಿನವು, ಮಕ್ಕಳವು. ಕೆಲವಕ್ಕೆ ಬೆರಳು, ಉಗುರು ಕೂಡ ಮೂಡಿಸಿದ್ದರು. ಅದು ಜೈಪುರ ಕಾಲು. 1968ರಲ್ಲಿ ಜೈಪುರದ ಕುಶಲಕರ್ಮಿ ರಾಮಚಂದ್ರ ಶರ್ಮ ಮತ್ತು ಡಾ. ಪಿ.ಕೆ. ಸೇಠಿ ಸೇರಿ ರೂಪಿಸಿದ್ದು. ಪರದೇಶದಿಂದ ಬರುತ್ತಿದ್ದ ಕಾಲುಗಳು ಬೂಟಿನೊಳಗೇ ಇರಬೇಕಾದಂಥವು. ನಮ್ಮವರು ಹೊಸಿಲಲ್ಲಿ ಮೆಟ್ಟು ಬಿಡಬೇಕು, ಕುಕ್ಕರುಗಾಲಲ್ಲಿ ಕೂರಬೇಕು, ಕೆಸರು ಗದ್ದೆಗೆ ಇಳಿಯಬೇಕು. ಇದಕ್ಕೆಲ್ಲ ಬಗ್ಗುವ, ಬರಿಗಾಲಲ್ಲೂ ನಡೆಯುವ, ನೀರಿಗೆ ಹೆದರದ ರಬ್ಬರಿನ ಪಾದ ಅದು. ಕಾಲಿಲ್ಲದವರ ನಡುವೆ, ಎರಡೂ ಕಾಲಿರುವ ನಾನು ಹಿಮ್ಮಡಿ ನೋವೆಂದು ಹೋಗಿ ಕೂತದ್ದಕ್ಕೆ ಮುಜುಗರವಾಗಿ ಕಾಲನ್ನು ಬೆಂಚಿನ ಕೆಳಗೆ ಎಳೆದುಕೊಂಡೆ.

ಪಕ್ಕದಲ್ಲಿ ನಂಜನಗೂಡು ಕಡೆಯ ರೈತರೊಬ್ಬರು ಕೂತಿದ್ದರು. ಬಲಪಾದಕ್ಕೆ ಬ್ಯಾಂಡೇಜು. ‘ಏನಾಯ್ತು?’ ಅಂದೆ.

‘ಮೊಳೆ ಚುಚ್ಕೊಂಡದೆ ಸ್ವಾಮಿ, ಸಂಜೆಗಂಟ ಗೊತ್ತಾಗ್ನಿಲ್ಲ. ಮನೇಗೋಗಿ ಕಾಲು ತೊಳೀವಾಗ ನಮ್ಮೆಂಗಸು ನೋಡುದ್ಲು. ಚಪ್ಲಿ ತೂರ್ಕೊಂಡು ಒಳಕ್ಕೋಗಿತ್ತು.’

‘ನೋವಾಗಲಿಲ್ವಾ?’

‘ಸಕ್ಕರೆ ಕಾಯ್ಲೆ ಸ್ವಾಮಿ. ಕಾಲು ಅದೆ ಅಂತ ಗೊತ್ತಾಗಬೇಕಾದ್ರೆ ಬಗ್ಗಿ ನೋಡ್ಕಬೇಕು.’

ಹದಿನೈದು ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ ಪಾದದ ನರಗಳನ್ನು ತಿಂದುಹಾಕಿದರೆ ನೋವೆಂಬ ಕಾವಲುಗಾರನೇ ಇರುವುದಿಲ್ಲ. ನೋವಿದ್ದವನು ಕುಂಟುತ್ತಾನೆ, ಭಾರವನ್ನು ಆಚೀಚೆ ಸರಿಸುತ್ತಾನೆ. ನೋವಿಲ್ಲದವನು ಗಾಯದ ಮೇಲೇ ದಿನವಿಡೀ ತುಳಿಯುತ್ತಾನೆ. ಕುಷ್ಠರೋಗಿಗಳ ಪಾದಕ್ಕೆ ಆಗುತ್ತಿದ್ದದ್ದೂ ಇದೇ ಎಂದು ಹೇಳಿಕೊಟ್ಟವರು ಡಾ. ಪಾಲ್ ಬ್ರ್ಯಾಂಡ್. 1914ರಲ್ಲಿ ಈಗಿನ ತಮಿಳುನಾಡಿನ ಕೊಲ್ಲಿ ಮಲೆಯಲ್ಲಿ ಹುಟ್ಟಿ, ಇಂಗ್ಲೆಂಡಿನಲ್ಲಿ ಓದಿ, 1946ರಲ್ಲಿ ವೆಲ್ಲೂರಿಗೆ ಬಂದವರು. ರೋಗಿಗಳ ಬೆರಳು ಉದುರುವುದು ರೋಗ ಮಾಂಸವನ್ನು ತಿನ್ನುವುದರಿಂದ ಎಂದು ಲೋಕವೆಲ್ಲ ನಂಬಿದ್ದಾಗ, ಸ್ಪರ್ಶ ಸತ್ತ ಅಂಗಕ್ಕೆ ದಿನದಿನವೂ ಬೀಳುವ ಪೆಟ್ಟಿನಿಂದ ಎಂದು ತೋರಿಸಿದರು. ಒಂದೇ ಕಡೆ ಬೀಳುವ ಭಾರವನ್ನು ಇಡೀ ಅಂಗಾಲಿಗೆ ಹಂಚುವಂಥ ಮೆತ್ತನೆಯ ಮೈಕ್ರೋಸೆಲ್ಯುಲರ್ ರಬ್ಬರಿನ ಅಟ್ಟೆ ಅಲ್ಲಿಂದಲೇ ಬಳಕೆಗೆ ಬಂತು. ಎಂ.ಸಿ.ಆರ್. ಚಪ್ಪಲಿ ಎಂದು ಅಂಗಡಿಗಳಲ್ಲಿ ಈಗ ಮಾರುವುದು ಅದನ್ನೇ. ನನಗೆ ಇದು ನಡೆಯುವಾಗಿನ ಸುಖದ ಮಾತು. ಆ ರೈತರಿಗೆ ಪಾದ ಉಳಿಯುತ್ತದೋ ಇಲ್ಲವೋ ಎಂಬ ಮಾತು. ಅಳತೆಯ ಅಟ್ಟೆಯ ಉಪಯೋಗದ ಬಗ್ಗೆ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಅವರ ಕಥೆ.

ನನ್ನ ಸರದಿ ಬಂತು. ಒಳಗಿದ್ದ ಆರ್ಥೋಟಿಸ್ಟ್ ನಮ್ಮ ಮಗಳ ವಯಸ್ಸಿನ ಹುಡುಗಿ. ಗೋಡೆಯ ಮೇಲೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಪತ್ರ ಕಟ್ಟು ಹಾಕಿಸಿಟ್ಟಿದ್ದಳು. ‘ಕೂತ್ಕೊಳ್ಳಿ ಸಾರ್’ ಎಂದವಳೇ ಕೆಳಗೆ ಮಂಡಿಯೂರಿ ನನ್ನ ಎರಡೂ ಪಾದಗಳನ್ನು ಹಿಡಿದುಕೊಂಡಳು. ನನಗೆ ಗಾಬರಿ. ಕೈ ತಾನಾಗಿ ಮೇಲೆದ್ದು, ಬಾಯಿ ‘ದೀರ್ಘ ಸುಮಂಗಲೀ ಭವ’ ಅಂದುಬಿಟ್ಟಿತು. ಹುಡುಗಿ ತಲೆಯೆತ್ತಿ, ‘ಇನ್ನೂ ಮದುವೆ ಆಗಿಲ್ಲ ಸಾರ್’ ಎಂದಳು. ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ನಕ್ಕ ಹೆಂಡತಿಯನ್ನು ನಾನು ಇನ್ನೂ ಕ್ಷಮಿಸಿಲ್ಲ.

ಅವಳು ಹೆಬ್ಬೆರಳನ್ನು ಮಡಿಸಿ ನೋಡಿದಳು, ಹಿಮ್ಮಡಿಯನ್ನು ಅತ್ತಿತ್ತ ತಿರುಗಿಸಿದಳು, ಪಟ್ಟಿ ಹಿಮ್ಮಡಿಗೆ ಅಂಟುವ ಜಾಗವನ್ನು ಒತ್ತಿದಳು. ನಾನು ಕುರ್ಚಿಯಿಂದ ಅರ್ಧ ಅಡಿ ಎದ್ದೆ. ‘ಇಲ್ಲೇ’ ಎಂದು ಗುರುತು ಹಾಕಿಕೊಂಡಳು. ಒಂದೊಂದು ಪಾದದಲ್ಲೂ 26 ಮೂಳೆ ಇವೆಯಂತೆ. ಎರಡೂ ಸೇರಿದರೆ 52, ಅಂದರೆ ಮೈಯ 206 ಮೂಳೆಗಳಲ್ಲಿ ಕಾಲುಭಾಗ ಕಾಲಿನ ತುದಿಯಲ್ಲೇ. ಇಷ್ಟು ಚಿಲ್ಲರೆಯನ್ನು ಒಂದೇ ಕಡೆ ಇಟ್ಟುಕೊಂಡು ಲೆಕ್ಕ ತಪ್ಪದೆ ನಡೆಸುವ ಕಷ್ಟ ಕ್ಯಾಶಿಯರನಿಗೆ ಗೊತ್ತು.

ಆಮೇಲೆ ಒಂದು ಪೆಟ್ಟಿಗೆ ತಂದಳು. ಅದರ ತುಂಬ ಗುಲಾಬಿ ಬಣ್ಣದ ಫೋಮು. ‘ಹಾಗೇ ಕೂತು ಪಾದ ಇಡಿ, ನಾನು ಒತ್ತುತೀನಿ.’ ಒಣಗಿದ ನೊರೆಯೊಳಗೆ ಕಾಲು ಇಳಿದ ಹಾಗೆ ಕರಕರ ಸದ್ದು ಮಾಡುತ್ತ ಪಾದ ಮುಳುಗಿತು. ಮೇಲೆತ್ತಿದಾಗ ನನ್ನ ಅಂಗಾಲು ಬೆರಳು ಬೆರಳಾಗಿ ಅಚ್ಚೊತ್ತಿತ್ತು. ಅದಕ್ಕೆ ಪ್ಲಾಸ್ಟರು ಎರೆದು ಪಾದದ ಪಡಿಯಚ್ಚು ತೆಗೆಯುತ್ತಾರೆ. ಅದರ ಮೇಲೆ ಇ.ವಿ.ಎ. ಎಂಬ ಹಾಳೆಯನ್ನು ಕಾಯಿಸಿ ಹೊದಿಸಿ, ಗಾಳಿ ಎಳೆದು ಕೂರಿಸಿ, ಉಜ್ಜಿ ಉಜ್ಜಿ ಹದಕ್ಕೆ ತರುತ್ತಾರೆ. ಎಡಗಾಲಿಗೆ ಒಳಬದಿಯಲ್ಲಿ ಎತ್ತರ, ಬಲಗಾಲಿನ ಕಮಾನಿನ ಕೆಳಗೆ ತುಂಬುವಷ್ಟು, ಎರಡೂ ಹಿಮ್ಮಡಿಗೆ ಬಟ್ಟಲಿನಂಥ ಗುಳಿ. ‘ಇದರಿಂದ ನನ್ನ ಚಪ್ಪಟೆ ಪಾದ ಸರಿಹೋಗುತ್ತಾ?’ ಎಂದು ಕೇಳಿದೆ. ‘ಇಲ್ಲ ಸಾರ್. ಟೇಬಲ್ ಅಲ್ಲಾಡಿದರೆ ಕಾಗದ ಮಡಿಸಿ ಕಾಲಿಗೆ ಕೊಡ್ತೀವಲ್ಲ, ಅದರಿಂದ ಟೇಬಲ್ ಕಾಲು ಉದ್ದ ಆಗುತ್ತಾ? ಅಲ್ಲಾಡೋದು ನಿಲ್ಲುತ್ತೆ, ಅಷ್ಟೇ.’ ಮುದಿ ಮರವನ್ನು ಬಗ್ಗಿಸುವ ಗೊಡವೆಗೆ ಹೋಗದೆ ನೆಲವನ್ನೇ ಅದರ ಬುಡಕ್ಕೆ ಎತ್ತಿಕೊಡುವ ಉಪಾಯ. ಆಂದ್ರಿಯ ಗೂಟಕ್ಕಿಂತ ನನಗೆ ಇದು ಹಿಡಿಸಿತು.

ಕಾಗದ ಮಡಿಸಿ ಕೊಡುವ ಮಾತಿಗೆ ಬಾಲ್ಯ ನೆನಪಾಯಿತು. ನಮ್ಮೂರಲ್ಲಿ ಚಪ್ಪಲಿ ಮಾಡಿಸುವುದೆಂದರೆ ಚರ್ಮದ ಮೇಲೆ ಕಾಲಿಡಿಸಿ ಇದ್ದಿಲಿನಲ್ಲಿ ಸುತ್ತ ಗೆರೆ ಎಳೆಯುತ್ತಿದ್ದರು. ಎಡಕ್ಕೊಂದು ಗೆರೆ, ಬಲಕ್ಕೊಂದು ಗೆರೆ. ಎರಡು ಕಾಲೂ ಒಂದೇ ಎಂದು ಯಾರೂ ಭಾವಿಸುತ್ತಿರಲಿಲ್ಲ. ಬಸವಣ್ಣನಿಗಾಗಿ ತನ್ನ ಮತ್ತು ಹೆಂಡತಿ ಕಲ್ಯಾಣಮ್ಮನ ತೊಡೆಯ ಚರ್ಮದಿಂದಲೇ ಪಾದರಕ್ಷೆ ಹೊಲಿದ ಹರಳಯ್ಯನ ಕಥೆಯ ನಾಡು ಇದು. ಅದನ್ನು ಮೆಟ್ಟಲಾರದೆ ಬಸವಣ್ಣ ತಲೆಯ ಮೇಲೆ ಹೊತ್ತನೆಂದು ಹೇಳುತ್ತಾರೆ. ಎಕ್ಕಡ, ಮೆಟ್ಟು, ಕೆರ, ಜೋಡು, ಚಡಾವು, ಕಾಲ್ಮರಿ ಎಂದು ಇಷ್ಟು ಹೆಸರಿಟ್ಟುಕೊಂಡ ಭಾಷೆಯಲ್ಲಿ ಅದನ್ನು ಹೊಲಿಯುವವರನ್ನು ಮಾತ್ರ ಊರಾಚೆ ಇಟ್ಟಿದ್ದೆವು. ಆಮೇಲೆ ಪೇಟೆಯಿಂದ ನಂಬರಿನ ಬೂಟು ಬಂತು. ಏಳು ಅಂದರೆ ಏಳು, ಎಂಟು ಅಂದರೆ ಎಂಟು, ಕಾಲೇ ಹೊಂದಿಕೊಳ್ಳಬೇಕು. ಬೆಳೆಯುವ ಹುಡುಗ ಎಂದು ಅಪ್ಪ ನನಗೆ ಎರಡು ನಂಬರು ದೊಡ್ಡದನ್ನೇ ಕೊಡಿಸಿ, ಒಳಗೆ ಹಳೆಯ ಪ್ರಜಾವಾಣಿಯನ್ನು ಮಡಿಸಿ ತುರುಕಿದ. ನನ್ನ ಜೀವನದ ಮೊದಲ ಆರ್ಥೋಟಿಕ್ಸ್ ಅದು. ಅಜ್ಜಿ ಹೌಹಾರಿದಳು: ‘ಸರಸ್ವತೀನ ತುಳೀತಾನಲ್ಲೋ!’ ಕಾಗದ ತೆಗೆದು ಹಳೇ ಪಂಚೆಯ ಚೂರು ಹಾಕಿಕೊಟ್ಟರು. ಆ ವರ್ಷ ನಾನು ಗಣಿತದಲ್ಲಿ ಫೇಲಾದದ್ದಕ್ಕೆ ಅಜ್ಜಿ ಬೇರೆ ಕಾರಣ ಹುಡುಕಲಿಲ್ಲ.

ಹತ್ತು ದಿನಕ್ಕೆ ಅಟ್ಟೆ ಸಿದ್ಧವಾಯಿತು. ಆರು ಸಾವಿರ. ಅದನ್ನು ಇಡಲು ಹಿಮ್ಮಡಿ ಗಟ್ಟಿಯಿರುವ, ಒಳಗಿನ ಅಟ್ಟೆ ತೆಗೆಯಲು ಬರುವ ಬೂಟು ಬೇಕು. ಅದಕ್ಕೆ ಎರಡು ಸಾವಿರ. ಮೂಗಿಗಿಂತ ಮೂಗುತಿ ಭಾರ ಎಂದು ಹೆಂಡತಿ ಅಂದದ್ದರಲ್ಲಿ ತಪ್ಪೇನಿಲ್ಲ. ಮೊದಲ ದಿನ ಒಂದು ಗಂಟೆ, ಮಾರನೆ ದಿನ ಎರಡು, ಹೀಗೆ ಹೆಚ್ಚಿಸಿಕೊಂಡು ಹೋಗಬೇಕೆಂದು ಹುಡುಗಿ ಹೇಳಿದ್ದಳು. ಮೊದಲ ವಾರ ಎಡಗಾಲಿನ ಕೆಳಗೆ ಯಾರೋ ನಿಂಬೆಹಣ್ಣು ಇಟ್ಟಿದ್ದಾರೆ ಅನ್ನಿಸುತ್ತಿತ್ತು. ಎರಡನೇ ವಾರಕ್ಕೆ ನಿಂಬೆಹಣ್ಣು ಮರೆತುಹೋಯಿತು. ಆರನೇ ವಾರದ ಒಂದು ಬೆಳಿಗ್ಗೆ ಮಂಚದಿಂದ ಇಳಿದು, ಬಾಗಿಲು ತೆಗೆದು, ಹಾಲಿನ ಪ್ಯಾಕೆಟ್ಟು ಒಳಗಿಟ್ಟ ಮೇಲೆ ನೆನಪಾಯಿತು, ನಾನು ಕುಂಟಲಿಲ್ಲ ಎಂದು. ಮಂಡಿಯೂ ಹಗುರವಾಗಿತ್ತು. ಸೊಂಟದ ಬಗ್ಗೆ ಖಾತ್ರಿಯಾಗಿ ಹೇಳಲಾರೆ. ಅದಕ್ಕೆ ಅಟ್ಟೆಯೇ ಕಾರಣವೋ, ಕುಂಟುವುದು ನಿಂತದ್ದೋ, ಬೆಳಿಗ್ಗೆ ಸೋಫಾದ ಮೇಲೆ ಒರಗುವುದನ್ನು ಬಿಟ್ಟದ್ದೋ.

ಈ ಸುಖವನ್ನು ಊರಿಗೆಲ್ಲ ಸಾರುತ್ತಿದ್ದಾಗ ಆಸ್ಟ್ರೇಲಿಯಾದಲ್ಲಿರುವ ತಂಗಿಯ ಮಗ ಫೋನಿನಲ್ಲಿ ತಣ್ಣೀರೆರಚಿದ. ‘ಮಾವ, ಇಲ್ಲಿ 135 ಜನರ ಮೇಲೆ ಪರೀಕ್ಷೆ ಮಾಡಿ 2006ರಲ್ಲೇ ಬರೆದಿದ್ದಾರೆ. ಕೆಲವರಿಗೆ ನೆಪಕ್ಕೊಂದು ಮೆತ್ತನೆ ಫೋಮು, ಕೆಲವರಿಗೆ ಅಂಗಡಿಯ ರೆಡಿಮೇಡ್, ಕೆಲವರಿಗೆ ಅಳತೆ ತೆಗೆದು ಮಾಡಿದ್ದು. ಮೂರು ತಿಂಗಳಿಗೆ ರೆಡಿಮೇಡು, ಅಳತೆಯದು ಎರಡೂ ಸ್ವಲ್ಪ ಮೇಲು. ವರ್ಷ ಕಳೆಯೋ ಹೊತ್ತಿಗೆ ಮೂರೂ ಒಂದೇ. ಆರು ಸಾವಿರ ಯಾಕೆ ಕೊಟ್ಟೆ?’

ಒಂದು ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಹೋಗಿ ಹುಡುಗಿಯನ್ನೇ ಕೇಳಿದೆ. ಅವಳಿಗೆ ಅದು ಹೊಸ ಸುದ್ದಿಯೇ ಅಲ್ಲ. ‘ಬರೀ ಹಿಮ್ಮಡಿ ನೋವು ಅಂತ ಬಂದವರಿಗೆ ನಾನೂ ಮೊದಲು ರೆಡಿಮೇಡೇ ಹಾಕಿ ನೋಡಿ ಅಂತೀನಿ ಸಾರ್. ವ್ಯಾಯಾಮ ಮಾಡಿದರೆ ಎಷ್ಟೋ ಜನಕ್ಕೆ ಅದೂ ಬೇಡ, ವರ್ಷದೊಳಗೆ ತಾನೇ ವಾಸಿ ಆಗುತ್ತೆ. ನಿಮ್ಮದು ಒಂದು ಕಾಲು ಚಪ್ಪಟೆ, ಒಂದು ಕಾಲು ಎತ್ತರ. ಅಂಗಡೀಲಿ ಎರಡಕ್ಕೂ ಒಂದೇ ಅಚ್ಚು ಸಿಗೋದು.’ ನಿಜವೇ. ಈ ಕೇಂದ್ರಕ್ಕೆ ಬರುವ ಮುಂಚೆ ಒಂದು ವಸ್ತುಪ್ರದರ್ಶನದ ಮಳಿಗೆಯಲ್ಲಿ ಗಾಜಿನ ಮೇಲೆ ನಿಲ್ಲಿಸಿ, ಕಂಪ್ಯೂಟರಿನಲ್ಲಿ ಕೆಂಪು ಹಳದಿ ಬಣ್ಣ ತೋರಿಸಿ ಮಾರಿದ ಜೆಲ್ ಅಟ್ಟೆ ಎಡಗಾಲಿಗೆ ಹಿತವಾಗಿ ಬಲಗಾಲಿಗೆ ಹೊಸ ನೋವು ತಂದಿತ್ತು. ಆ ಮಳಿಗೆಯವನು ನನ್ನ ಪಾದ ಮುಟ್ಟಿರಲಿಲ್ಲ, ಬೂಟು ಕೇಳಿರಲಿಲ್ಲ, ಮೊಪೆಡ್ಡಿನ ಸಂಗತಿ ಅವನಿಗೆ ಬೇಕಿರಲಿಲ್ಲ. ಆರು ಸಾವಿರದಲ್ಲಿ ರಬ್ಬರಿಗೆಷ್ಟು, ಒಬ್ಬಳು ಅರ್ಧ ಗಂಟೆ ನನ್ನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದ್ದಕ್ಕೆಷ್ಟು ಎಂದು ಲೆಕ್ಕ ಹಾಕಿದೆ. ಕ್ಯಾಶಿಯರನ ಲೆಕ್ಕ, ಸರಿಹೋಯಿತು.

ಸರಿಹೋಗದ್ದು ಮನೆಯೊಳಗಿನ ಲೆಕ್ಕ. ಅಟ್ಟೆ ಇರುವುದು ಬೂಟಿನೊಳಗೆ, ಬೂಟು ಇರುವುದು ಬಾಗಿಲ ಹೊರಗೆ, ನಾನು ದಿನದಲ್ಲಿ ಇಪ್ಪತ್ತು ಗಂಟೆ ಇರುವುದು ಒಳಗೆ, ವಿಟ್ರಿಫೈಡ್ ಟೈಲ್ಸಿನ ಕಲ್ಲು ನೆಲದ ಮೇಲೆ. ‘ಮನೆಯೊಳಗೂ ಮೆತ್ತನೆ ಚಪ್ಪಲಿ ಹಾಕ್ಕೊಳ್ಳಿ’ ಎಂದು ಹುಡುಗಿ ಹೇಳಿದ್ದನ್ನು ಹೆಂಡತಿಗೆ ತಿಳಿಸಲು ಎರಡು ವಾರ ಬೇಕಾಯಿತು. ಕೊನೆಗೆ ಒಪ್ಪಂದವಾಯಿತು: ಹೊರಗೆ ಕಾಲಿಡದ ಹೊಸ ಜೊತೆ, ಹಜಾರ ಮತ್ತು ಮಲಗುವ ಕೋಣೆ ನನ್ನದು, ಅಡುಗೆಮನೆಯ ಹೊಸಿಲು ಗಡಿ, ದೇವರ ಕೋಣೆಯ ಮಾತೇ ಎತ್ತಕೂಡದು. 84 ವರ್ಷದ ನಮ್ಮತ್ತೆ ಇದನ್ನೆಲ್ಲ ನೋಡುತ್ತ ಕೂತಿದ್ದರು. ಸಗಣಿ ಸಾರಿಸಿದ ಮಣ್ಣು ನೆಲದಲ್ಲಿ ಬರಿಗಾಲಲ್ಲೇ ಬಾಳಿದವರು, ಹಿಮ್ಮಡಿ ನೋವು ಕಂಡವರಲ್ಲ. ಶ್ರವಣಬೆಳಗೊಳದ ಗೊಮ್ಮಟನೂ ಹಾಗೆಯೇ, ಸಾವಿರ ವರ್ಷದಿಂದ ಬರಿಗಾಲಲ್ಲೇ ಬಂಡೆಯ ಮೇಲೆ ನಿಂತಿದ್ದಾನೆ. ಅವನು ವಾಕಿಂಗ್ ಹೋಗದಿರುವುದೇ ಅದಕ್ಕೆ ಕಾರಣವಿರಬೇಕು.

ಹೀಗಿರುವಾಗ ಒಂದು ಮದುವೆ. ಕಲ್ಯಾಣ ಮಂಟಪದ ಮೆಟ್ಟಿಲ ಬಳಿ ಬೂಟು ಬಿಟ್ಟು ಒಳಗೆ ಹೋದವನು, ಹೋಳಿಗೆ ಊಟ ಮುಗಿಸಿ ಬಂದಾಗ ಬೂಟಿಲ್ಲ. ಎರಡು ಸಾವಿರದ ಬೂಟು ಹೋದರೆ ಹೋಗಲಿ, ಒಳಗಿದ್ದ ಅಟ್ಟೆ? ಬರಿಗಾಲಲ್ಲಿ ಆಟೋ ಹತ್ತುವಾಗ ಸಿಟ್ಟಿಗಿಂತ ಹೆಚ್ಚಾಗಿ ಆ ಕಳ್ಳನ ಬಗ್ಗೆ ಚಿಂತೆಯಾಯಿತು. ನನ್ನ ಮೊಪೆಡ್ಡಿನ ಪೆಟ್ಟಿಗೆ ಅಳತೆ ಮಾಡಿದ ಕಮಾನನ್ನು ಅವನು ತನ್ನ ನೆಟ್ಟಗಿರುವ ಪಾದದ ಕೆಳಗಿಟ್ಟುಕೊಂಡು ನಡೆದರೆ, ಒಂದೇ ತಿಂಗಳಿಗೆ ಅವನ ಮಂಡಿ ಹಿಡಿಯುತ್ತದೆ, ಆಮೇಲೆ ಸೊಂಟ. ಅವನ ಪಕ್ಕದ ಮನೆಯವರು ಎಕ್ಕದ ಎಲೆ ಹೇಳುತ್ತಾರೆ.

ಕೇಂದ್ರಕ್ಕೆ ಫೋನು ಮಾಡಿದೆ. ಹುಡುಗಿ, ‘ಯೋಚನೆ ಬೇಡ, ನಿಮ್ಮ ಪಾದ ನಮ್ಮ ಹತ್ರಾನೇ ಇದೆ ಸಾರ್’ ಅಂದಳು. ಪ್ಲಾಸ್ಟರಿನ ಅಚ್ಚು ಎಸೆದಿರಲಿಲ್ಲ. ಹೆಂಡತಿಗೂ ಆಗ ನೆನಪಾಯಿತು: ನನ್ನ ಕಾಲು ವಾಸಿಯಾದರೆ ನಂಜನಗೂಡಿಗೆ ಬಂದು ಹಣ್ಣುಕಾಯಿ ಮಾಡಿಸುತ್ತೇನೆಂದು ಹೇಳಿಕೊಂಡಿದ್ದಳು, ಮಾಡಿಸದೆ ಇದ್ದದ್ದಕ್ಕೇ ಬೂಟು ಹೋಯಿತು.

ಸೋಮವಾರ ಹೊರಟೆವು. ದಾರಿಯಲ್ಲಿ ಕೇಂದ್ರಕ್ಕೆ ಹೋಗಿ ಹೊಸ ಜೊತೆ ಅಟ್ಟೆಯನ್ನು ಈಸಿಕೊಂಡೆ. ಇನ್ನೂ ಕಾಲು ಸೋಕದ್ದು, ಕಾಗದದಲ್ಲಿ ಸುತ್ತಿ ಕೊಟ್ಟಿದ್ದಳು. ಇದ್ದದ್ದೊಂದೇ ಬಟ್ಟೆ ಚೀಲ, ಅದರಲ್ಲೇ ಹಾಕಿದೆ. ನಂಜನಗೂಡಿನಲ್ಲಿ ತೆಂಗಿನಕಾಯಿ, ಬಾಳೆಹಣ್ಣು, ಬಿಲ್ವಪತ್ರೆ, ಹೂವಿನ ಪೊಟ್ಟಣ ಎಲ್ಲವೂ ಅದೇ ಚೀಲ ಸೇರಿದವು. ನಂಜುಂಡ ಮೊದಲಿಂದಲೂ ವೈದ್ಯ. ಆನೆಯ ಕಣ್ಣು ವಾಸಿಯಾಯಿತೆಂದು ಟಿಪ್ಪು ಅವನನ್ನು ಹಕೀಮ ನಂಜುಂಡ ಎಂದು ಕರೆದನೆಂಬ ಐತಿಹ್ಯವಿದೆ. ಅವತ್ತು ಜನ ಕಿಕ್ಕಿರಿದಿದ್ದರು. ಹಿಂದಿನಿಂದ ತಳ್ಳುತ್ತಿದ್ದರು. ಸರದಿ ಬಂದಾಗ ಹೆಂಡತಿ ಚೀಲಕ್ಕೆ ಕೈ ಹಾಕಿ ಕಾಯಿ, ಹಣ್ಣು, ಪೊಟ್ಟಣ ಎಂದು ಸಿಕ್ಕಿದ್ದನ್ನೆಲ್ಲ ತಟ್ಟೆಗೆ ಇಟ್ಟಳು. ಅರ್ಚಕರು ಪೊಟ್ಟಣ ಬಿಚ್ಚಿದರು.

ಎರಡು ಪಾದಗಳು. ಒಂದರ ಮೇಲೆ ‘ಎಡ’, ಒಂದರ ಮೇಲೆ ‘ಬಲ’ ಎಂದು ಹುಡುಗಿ ಸ್ಕೆಚ್ ಪೆನ್ನಿನಲ್ಲಿ ಬರೆದದ್ದು. ಅರ್ಚಕರು ತಿರುಗಿಸಿ ನೋಡಿದರು. ನಾನು ಉಸಿರು ಬಿಗಿಹಿಡಿದೆ. ಹೆಂಡತಿಯ ಉಗುರು ನನ್ನ ಮೊಣಕೈಯಲ್ಲಿ ಇಳಿಯುತ್ತಿತ್ತು.

‘ಕಾಲಿನ ಹರಕೆಯೇನು? ಬೆಳ್ಳೀದು ತರ್ತಾರೆ ಎಲ್ಲರೂ. ಇದು ಯಾವುದು?’

‘ಇ.ವಿ.ಎ.’ ಅಂದೆ.

‘ಹೊಸದಾಗಿ ಬಂದಿರಬೇಕು’ ಎಂದು ಅದರ ಮೇಲೊಂದು ಬಿಲ್ವದಳ ಇಟ್ಟು, ತಟ್ಟೆ ಎತ್ತಿಕೊಂಡು, ‘ಗೋತ್ರ, ನಕ್ಷತ್ರ ಹೇಳಿ’ ಅಂದರು.